ಶ್ರೀಕಾರವಿಲ್ಲದ ಕಾರ್ಡು

ಚೆನ್ನಾಗಿ ಬರೆಯುವುದು ಹೇಗೆ ಎಂದು ಯಾರಾದರೂ ಕೇಳಿದರೆ ನಾನು ಒಂದೇ ಮಾತು ಹೇಳುತ್ತೇನೆ: ಹೇಳಬೇಕಾದ್ದನ್ನು ಮೊದಲು ಹೇಳಿ, ಆಮೇಲೆ ಬೇಕಾದಷ್ಟು ಸಮಾಸ ಕಟ್ಟಿ. ಕೇಳಿದವರು ನಗುತ್ತಾರೆ. ನಗಲಿ. ಈ ಬುದ್ಧಿ ನನಗೆ ಪುಸ್ತಕದಿಂದ ಬಂದದ್ದಲ್ಲ, ಅವ್ವನ ಹಾಸಿಗೆಯ ಪಕ್ಕ ಕೂತಾಗ ಬಂದದ್ದು.

ಆಗ ನಿಜಾಮರ ಆಳ್ವಿಕೆ. ಯಲಬುರ್ಗಿಯ ಸರಕಾರಿ ಶಾಲೆಯಲ್ಲಿ ಕಲಿಸುವುದೆಲ್ಲ ಉರ್ದುವಿನಲ್ಲಿ. ನಾನು ಮಠದ ಪಡಸಾಲೆಯಲ್ಲಿ ಹತ್ತು ಮಕ್ಕಳನ್ನು ಕೂಡಿಸಿಕೊಂಡು ಕನ್ನಡ ಕಲಿಸುತ್ತಿದ್ದೆ. ವಯಸ್ಸು ಇಪ್ಪತ್ತು, ಸೊಕ್ಕು ಅರವತ್ತರದ್ದು. ಪಾಟಿಯ ಮೇಲೆ ಯಾರಾದರೂ 'ಹೋಗ್ಯಾನ' ಎಂದು ಬರೆದರೆ ಒರೆಸಿಬಿಡುತ್ತಿದ್ದೆ. ಊರವರ ಪತ್ರಗಳೂ ನನ್ನ ಕೈಯಿಂದಲೇ ಆಗಬೇಕು. ಕತ್ತೆ ಕಳೆದದ್ದನ್ನು ಬರೆಸಲು ಬಂದವನಿಗೂ ಅರ್ಧ ಕಾರ್ಡಿನಷ್ಟು ಪೀಠಿಕೆ ಹಾಕಿ ಕೊಡುತ್ತಿದ್ದೆ. ಮಂಗನ ಕೈಯಲ್ಲಿ ಮಾಣಿಕ್ಯ ಕೊಟ್ಟಂತೆ ನನ್ನ ಕೈಗೆ ವ್ಯಾಕರಣ ಸಿಕ್ಕಿತ್ತು.

ಆ ವರ್ಷದ ಚಳಿಗಾಲದಲ್ಲಿ ಅವ್ವ ಹಾಸಿಗೆ ಹಿಡಿದಳು. ಅಪ್ಪ ತೀರಿಹೋಗಿ ಎಷ್ಟೋ ವರ್ಷವಾಗಿತ್ತು, ಮನೆಯಲ್ಲಿ ನಾವಿಬ್ಬರೇ. ಅಕ್ಕನನ್ನು ಗಂಗಾವತಿಯ ಕಡೆಯ ಹಳ್ಳಿಗೆ ಕೊಟ್ಟಿತ್ತು. ವೈದ್ಯರು ನಾಡಿ ನೋಡಿ ನನ್ನನ್ನು ಹೊರಗೆ ಕರೆದು, 'ಯಾರ್‍ಯಾರನ್ನ ಕರಸೂದೈತಿ ಕರಸಿಬಿಡ್ರಿ' ಎಂದರು. ಅವ್ವನ ಆಸೆ ಒಂದೇ. 'ಆಕೀನ ಒಂದ ಸರತಿ ನೋಡ್ತೀನಪ್ಪ.' ಅವ್ವನಿಗೆ ನೀರು ಕುಡಿಸಲೂ ನಾನೇ ಬೇಕಿತ್ತು, ಬಿಟ್ಟು ಹೋಗುವಂತಿರಲಿಲ್ಲ. ಕಾರ್ಡು ಬರೆದೆ.

ಆ ಹೊತ್ತಿನಲ್ಲೂ ನನ್ನ ಶೈಲಿ ಬಿಡಲಿಲ್ಲ. ಮೇಲೆ ಶ್ರೀಕಾರ, ಅದರ ಕೆಳಗೆ ಅಕ್ಕನ ಮಾವನಿಗೆ ನಾಲ್ಕು ಸಾಲಿನ ವಿಶೇಷಣ, ಸಾಷ್ಟಾಂಗ ನಮಸ್ಕಾರ, 'ಇಲ್ಲಿ ಸರ್ವರೂ ಕ್ಷೇಮ, ತಮ್ಮ ಕ್ಷೇಮಕ್ಕೆ ಆಗಾಗ್ಗೆ ಬರೆಯಿಸುತ್ತಿರಬೇಕು.' ಸಾಯುವವರಿದ್ದರೂ ಕ್ಷೇಮವೆಂದು ತೊಡಗುವುದೇ ನಮ್ಮ ಕಡೆಯ ಮರ್ಯಾದೆ. ಅವ್ವನ ವಿಷಯಕ್ಕೆ ಬರುವ ಹೊತ್ತಿಗೆ ಕಾರ್ಡು ಮುಗಿದಿತ್ತು. ಅಂಚಿನಲ್ಲಿ ಸಣ್ಣಕ್ಷರದಲ್ಲಿ ತುರುಕಿದೆ.

ನಾಲ್ಕು ದಿನ, ಐದು ದಿನ. ಬೀದಿಯಲ್ಲಿ ಚಕ್ಕಡಿಯ ಸದ್ದಾದರೆ ಅವ್ವ ಕಣ್ಣು ಬಿಡುವಳು. 'ಬಂದಳೇನ?' ಇಲ್ಲವೆಂದರೆ ಗೋಡೆಯ ಕಡೆ ಮುಖ ತಿರುಗಿಸುವಳು. ಎಂಟನೆಯ ದಿನ ಪಕ್ಕದ ಮನೆಯ ವ್ಯಾಪಾರಿ ಗಂಗಾವತಿಯಿಂದ ಮರಳಿದರು. ಅವರು ಅಕ್ಕನ ಮನೆಗೂ ಹೋಗಿ ಬಂದಿದ್ದರು.

'ನಿಮ್ಮ ಪತ್ರ ಮುಟ್ಟೇತ್ರಿ. ಎಲ್ಲಾರೂ ಆರಾಮ ಅದಾರಂತ ಬರದಾರ ಅಂದ್ರು. ಓದಿ ಹಳೀ ಪತ್ರದ ತಂತಿಗೆ ಸಿಗಿಸ್ಯಾರ.'

'ಅವ್ವನ ಸುದ್ದಿ ನೀವರ ಹೇಳಬಾರದಿತ್ತೇನ್ರಿ?'

'ಬರಿಯಾವ್ರು ನೀವು. ನೀವ ಆರಾಮ ಅಂತ ಬರದಮ್ಯಾಲ ಅವ್ವಾರು ಚೇತರಿಸಿಕೊಂಡಾರ ಅಂತ ನಾ ತಿಳಕೊಂಡ್ನಿ.'

ಬೈಯಲು ಬಾಯಿ ತೆರೆದೆ. ಆದರೆ ಬೈಸಿಕೊಳ್ಳಬೇಕಾದವನು ನಾನೇ ಆಗಿದ್ದೆ. ಹದಿನೆಂಟು ಸಾಲು ಬರೆದು ಒಂದು ಸುದ್ದಿ ಮುಟ್ಟಿಸಲಾರದ ಪಂಡಿತ! ನನ್ನ ಮೇಲೆ ನನಗೇ ಹೇಸಿಗೆ ಬಂತು. ಇನ್ನೊಂದು ಕಾರ್ಡು ತೆಗೆದು ಎರಡೇ ಸಾಲು ಬರೆದೆ: 'ಅವ್ವಗ ಭಾಳ ಆಗೇತಿ. ಅಕ್ಕನ್ನ ಈಗಿಂದೀಗ ಕಳಸ್ರಿ.' ಓಡಿಹೋಗಿ ಟಪ್ಪಾಲು ಡಬ್ಬಿಗೆ ಹಾಕಿ ಬಂದೆ. ಬದುಕಿನಲ್ಲಿ ನಾನು ಬರೆದ ಅತ್ಯಂತ ಸ್ವಚ್ಛ ವಾಕ್ಯಗಳು ಅವು ಎಂದು ಈಗಲೂ ಅನ್ನಿಸುತ್ತದೆ.

ಆದರೆ ಆತುರದಲ್ಲಿ ತಲೆಯ ಮೇಲೆ ಶ್ರೀಕಾರ ಬರೆದಿರಲಿಲ್ಲ, ಕ್ಷೇಮವೂ ಇರಲಿಲ್ಲ. ನಮ್ಮಲ್ಲಿ ಶ್ರೀಕಾರವಿಲ್ಲದೆ ಬರುವುದು ಸಾವಿನ ಪತ್ರವೊಂದೇ. ಅದರಲ್ಲೂ ಸತ್ತರೆಂದು ನೇರ ಬರೆಯುವುದಿಲ್ಲ, ದಾರಿಯಲ್ಲಿ ಎದೆಯೊಡೆದಾರೆಂದು 'ಬಹಳ ಆಗಿದೆ' ಎನ್ನುತ್ತಾರೆ. ಅಕ್ಕನ ಮಾವ ಕಾರ್ಡಿನ ತಲೆ ನೋಡಿದರಂತೆ, ಎರಡು ಸಾಲು ಓದಿದರಂತೆ, ಸಾವಿನ ಪತ್ರ ಮನೆಯಲ್ಲಿ ಇಡಬಾರದೆಂದು ಹರಿದು ಹಾಕಿ ಸೊಸೆಗೆ 'ನಡಿಯವ್ವ' ಎಂದರಂತೆ.

ನನಗೆ ಆಗ ಇದೊಂದೂ ಗೊತ್ತಿರಲಿಲ್ಲ. ಎರಡನೆಯ ಕಾರ್ಡು ಹಾಕಿದ ನಾಲ್ಕನೆಯ ದಿನ ಮಧ್ಯಾಹ್ನ ಅವ್ವನ ಉಸಿರು ಎಣಿಸುತ್ತ ಕೂತಿದ್ದೆ. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ನಿಲ್ಲುವುದು ಹೆಚ್ಚಾಗಿತ್ತು. ಓಣಿಯ ತುದಿಯಿಂದ ಹೆಣ್ಣುದನಿಯೊಂದು ಹಾಡಿಕೊಂಡು ಅಳುತ್ತ ಬಂತು.

'ನನ್ನ ಬಿಟ್ಟ ಹ್ವಾದೇನ ನನ್ನವ್ವಾ! ಒಂದ ಸರತಿ ಮಾರಿ ತೋರಸಲಿಲ್ಲಲ್ಲವ್ವಾ! ಉಡಿ ತುಂಬಿ ಕಳಿಸಿದಾಕಿ, ಇನ್ಯಾರ ಮನಿಗೆ ಬರಲವ್ವಾ!'

ಅವ್ವ ಕಣ್ಣು ತೆರೆದಳು. 'ಯಾರ ಸತ್ತಾರೋ?'

ನಾನು ಎದ್ದು ಬಾಗಿಲ ಕಡೆ ಓಡಿದೆ. ಅಷ್ಟರಲ್ಲಿ ಅಕ್ಕ ಬಾಗಿಲಿಗೆ ಬಂದು ಹೊಸ್ತಿಲ ಮೇಲೆ ಬಿದ್ದಳು. ಒಳಗಿನಿಂದ ಸಣ್ಣ ದನಿ ಬಂತು: 'ಇಲ್ಲೇ ಅದೀನಿ, ಬಾ ಒಳಗ.'

ಅಕ್ಕ ತಲೆಯೆತ್ತಿದಳು. ಮೊದಲು ಹೆದರಿದಳು, ಆಮೇಲೆ ನನ್ನನ್ನು ತಿಂದುಬಿಡುವಂತೆ ನೋಡಿದಳು, ಆಮೇಲೆ ಹೋಗಿ ಅವ್ವನ ಎದೆಯ ಮೇಲೆ ಮುಖವಿಟ್ಟಳು. ಅವ್ವ ಅವಳ ತಲೆ ಸವರಿ, 'ನನ್ನ ಸಲುವಾಗಿ ಇಷ್ಟ ಅಳತಿ ಅಂತ ಗೊತ್ತಿದ್ದಿಲ್ಲ. ನನ್ನ ಕಿವೀಲೆ ಕೇಳಿದ್ನಿ, ಸಾಕು. ಸತ್ತಮ್ಯಾಲ ಮತ್ತ ಅಳಬ್ಯಾಡ' ಎಂದಳು.

ಮೂರು ದಿನ ತಾಯಿ ಮಗಳು ಮಾತಾಡಿಕೊಂಡರು. ನಾಲ್ಕನೆಯ ಬೆಳಿಗ್ಗೆ ಅವ್ವ ಹೋದಳು. ಓಣಿಯ ಹೆಂಗಸರು ಬಂದು ಸುತ್ತ ಕೂತು, ಮಗಳು ಹಾಡಿ ಅಳುವುದನ್ನು ತೊಡಗಲಿ ಎಂದು ಕಾಯ್ದರು. ಅಕ್ಕ ಅವ್ವನ ಕಾಲು ಹಿಡಿದುಕೊಂಡು ಸುಮ್ಮನೆ ಕೂತಿದ್ದಳು. 'ಹಡದಾಕಿ ಹ್ವಾದ್ರ ಒಂದ ದನಿ ತಗೀಬಾರದೇನಬೇ?' ಎಂದು ಹಿರಿಯಳೊಬ್ಬಳು ಗದರಿಸಿದಳು.

'ಆಕಿ ಕೇಳಿ ಹೋಗ್ಯಾಳ' ಎಂದಳು ಅಕ್ಕ.