ಗೋದಾಮಿನ ಸಾಹೇಬ

‘ಖ್ಹಂ... ಖ್ಹಂ...’ ಎಂಬ ಗತ್ತಿನ ಕೆಮ್ಮು ಮೊದಲು ಕೇಳಿಸುತ್ತದೆ, ಅದರ ಹಿಂದೆ ಬೀರದೇವ ಬರುತ್ತಾನೆ. ಪಾಲಬಾವಿಯಲ್ಲಿ ಕುರಿ ಕಾಯುವ ಮನೆತನದ ಈತ ನಮ್ಮ ಗಡಿಯೂರಿನ ಕೇಬಲ್ ಟಿವಿಯ ನಗೆ ಧಾರಾವಾಹಿಯಲ್ಲಿ ಪುರಸಭೆಯ ಮುಖ್ಯಾಧಿಕಾರಿ. ತಂಬಾಕಿನ ಹಳೆಯ ಗೋದಾಮಿಗೆ ‘ಪುರಸಭೆ’ ಎಂದು ಬೋರ್ಡು ಹಾಕಿ ಚಿತ್ರೀಕರಣ ನಡೆಸುವುದರಿಂದ, ಬೋರ್ಡು ಕಂಡ ಜನ ನಿಜವಾದ ದೂರು ಹೊತ್ತು ಒಳಗೇ ಬಂದುಬಿಡುತ್ತಾರೆ. ಬೀರದೇವ ಯಾರಿಗೂ ಇಲ್ಲವೆನ್ನುವುದಿಲ್ಲ. ಕುರ್ಚಿಯಲ್ಲಿ ಹಿಂದಕ್ಕೆ ವಾಲಿ, “ಬಸಾ, ಕುಂದರ್ರಿ, ಚಾ ಕುಡೀರಿ, ನಾವ್ ಇರೂದ ಯಾತಕ್ಕ?” ಎನ್ನುತ್ತಾನೆ. ಮರಾಠಿಯಲ್ಲಿ ಬೈದವರಿಗೆ ಕನ್ನಡದಲ್ಲಿ ಸಮಾಧಾನ ಹೇಳುತ್ತಾನೆ, ಕನ್ನಡದಲ್ಲಿ ಬೈದವರಿಗೆ ಮರಾಠಿಯಲ್ಲಿ. ಬೀದಿನಾಯಿಯ ಮೇಲೆ ದೂರು ತಂದವನಿಗೆ, “ನಾಯೀನೂ ಕರ್ಕೊಂಡ ಬರ್ರಿ, ಅದರ ಮಾತೂ ಕೇಳಬೇಕಲ್ಲ” ಎಂದದ್ದುಂಟು. ಆದರೆ ಊಟದ ಬಿಡುವಿನಲ್ಲಿ, ವೇಷದ ಕೋಟು ಬಿಚ್ಚದೆಯೇ, ಅವರನ್ನು ನಿಜವಾದ ಪುರಸಭೆಗೆ ಕರೆದೊಯ್ದು ಸರದಿಯಲ್ಲಿ ಅವರ ಹಿಂದೆ ತಾನೂ ನಿಲ್ಲುತ್ತಾನೆಂಬುದು ಟಿವಿಯಲ್ಲಿ ನೋಡಿ ನಗುವವರಿಗೆ ಗೊತ್ತಿಲ್ಲ. ಇಂದು ಕೊನೆಯ ಕಂತು. ಕಥೆಯಲ್ಲಿ ಸಾಹೇಬರಿಗೆ ಬದಲಿ, ಅಂದರೆ ವರ್ಗಾವಣೆ. ಓಣಿಯ ನಳದಲ್ಲಿ ನೀರಿಲ್ಲವೆಂದು ಬಂದ ಸಾವಕ್ಕ ಅದನ್ನು ಕೇಳಿ ಬಾಗಿಲಲ್ಲೇ ಖಾಲಿ ಕೊಡ ಕುಕ್ಕಿದಳು: “ನೀವ ಹ್ವಾದ್ರ ನಮಗ ನೀರ ಯಾರ ಬಿಡಸ್ತಾರ್ರಿ?” “ಬೀರ್ಯಾ, ನೀ ಸಾಹೇಬ ಅಲ್ಲ, ನಟ ಅದೀ ಲೇ! ಬದಲಿ ಸೀನ್ ಐತಿ, ಬಾ” ಎಂದು ನಿರ್ದೇಶಕ ಸುರಜ ರೇಗಿದ. “ಬದಲಿ ನಾಳೆ ಮಾಡ್ರಿ, ಇವತ್ತ ಡ್ಯೂಟಿ ಮ್ಯಾಲ ಅದೀನಿ” ಎಂದ ಬೀರದೇವ ಕೊಡ ಎತ್ತಿಕೊಂಡು, ಸುರಜ ಮತ್ತೆ ಬಾಯಿ ತೆರೆಯುವ ಮೊದಲೇ ಸಾವಕ್ಕನ ಜೊತೆ ಬಿಸಿಲಿಗಿಳಿದ.