ಕಂಬಳಿ ಅಂಗಡಿಯ ಬಾಗಿಲಿಗೊಂದು ಗೋಣಿಚೀಲ

ಗೋಕಾಕದ ನಮ್ಮ ಪುಟ್ಟ ಕಂಬಳಿ ಅಂಗಡಿಗೆ ನೀವು ಬಂದರೆ ನಿಮ್ಮ ಪಾದಕ್ಕೆ ಮೊದಲು ಸಿಗುವುದು ನಾಲ್ಕು ಮಡಿಕೆ ಹಾಕಿದ ಗೋಣಿಚೀಲ. ಒಳಗೆ ಕರಿಯ ಕಂಬಳಿಗಳು ಎದೆಮಟ್ಟಕ್ಕೆ ಪೇರಿಸಿಕೊಂಡು ಕೂತಿರುವಾಗ ಬಾಗಿಲಿಗೆ ಮಾತ್ರ ಇಂಥ ಬಡತನವೇಕೆಂದು ಬಂದವರು ನಗುತ್ತಾರೆ. ನಾನೂ ನಗುತ್ತೇನೆ. ಆದರೆ ಆ ಮಡಿಕೆಗಳ ನಡುವೆ ನನ್ನದೊಂದು ತಪ್ಪು ಮಲಗಿದೆ, ಅದನ್ನು ನಿಮಗೆ ಹೇಳಬೇಕು.

ನಮ್ಮದು ಮಸಗುಪ್ಪಿಯ ಕುರಿ ಕಾಯುವ, ಕಂಬಳಿ ನೇಯುವ ಮನೆತನ. ಅಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ಮೂಡಲಗಿಯ ಕಾಲೇಜಿಗೆ ಬಸ್ಸಿನಲ್ಲಿ ಜೋತುಬಿದ್ದು ಹೋಗಿಬಂದು ಗಳಿಸಿದ ಬಿ.ಕಾಂ. ಎಂದು ಹೇಳಿಕೊಳ್ಳದೆ ಇರಲಾರೆ. ಗ್ರಾಹಕ ಕೇಳಿದ್ದನ್ನು ಕೊಡುವುದೇ ವ್ಯಾಪಾರ ಎಂದು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕಗಳನ್ನೂ ತೆಗೆದಿದ್ದೆ.

ಅಂಗಡಿ ತೆರೆದ ಹೊಸದರಲ್ಲಿ ಅಪ್ಪನ ಮಗ್ಗ ನಿಂತೇ ಹೋಗಿತ್ತು. ಗಿರಣಿಯ ಮೆತ್ತನೆಯ, ಬಣ್ಣದ ಹೊದಿಕೆಗಳು ಸಂತೆ ತುಂಬಿದ ಮೇಲೆ ಮೈಗೆ ಚುಚ್ಚುವ ಕಂಬಳಿ ಯಾರಿಗೆ ಬೇಕು? ಹುಕ್ಕೇರಿ ಕಡೆಯ ಕುರಿಗಾರರು ಕತ್ತರಿಸಿದ ಉಣ್ಣೆಯನ್ನು ಹೊಲದ ಬದುವಿಗೆ ಎಸೆದು ಮುಂದೆ ಸಾಗುತ್ತಿದ್ದರು. ಮಗ್ಗ ಬಿಚ್ಚಿ ಆ ಜಾಗದಲ್ಲಿ ಮೇವು ಒಟ್ಟುವ ಮಾತನ್ನು ಅಪ್ಪ ಎತ್ತಿದ್ದ. ಅಷ್ಟರಲ್ಲಿ ಬೆಳಗಾವಿಯ ಅಂಗಡಿಕಾರರೊಬ್ಬರು ನನ್ನ ಮೊಬೈಲಿನ ಚಿತ್ರಗಳನ್ನು ನೋಡಿ, ವರ್ಷಪೂರ್ತಿ ಮಗ್ಗ ನಡೆಯುವಷ್ಟು ಕಂಬಳಿಯ ಕಾಲೊರಸು ಬೇಕೆಂದರು. ಅಪ್ಪನನ್ನು ಕೇಳದೆಯೇ ಒಪ್ಪಿಬಿಟ್ಟೆ.

ಊರಿನ ಮನೆಗೆ ಹೋಗಿ ಸುದ್ದಿ ಹೇಳಿದಾಗ ಉಣ್ಣೆ ಹಿಂಜುತ್ತಿದ್ದ ಅಪ್ಪನ ಕೈ ನಿಂತಿತು. “ಹಬ್ಬದಾಗ ಇದರ ಮ್ಯಾಲ ದೇವರನ್ನ ಕುಂದ್ರಸ್ತೀವಿ. ಬೀಗರು ಬಂದ್ರ ಇದನ್ನ ಹಾಸ್ತೀವಿ. ಇದಕ್ಕ ಮಂದಿ ಚಪ್ಲಿ ಒರಸ್ಬೇಕೇನ?”

“ಮಗ್ಗ ನಡೀಬೇಕಲ್ಲಪ್ಪಾ.”

“ಹಂಗಾರ ನಿನ್ನ ಡಿಗ್ರಿ ಕಾಗದ ಗ್ವಾಡಿಗಿ ಯಾಕ ತೂಗ ಹಾಕೀದಿ? ಬಾಗಲದಾಗ ಹಾಸು. ಅದರ ಮ್ಯಾಲೂ ನಾಕ ಮಂದಿ ಕಾಲ ಒರಸ್ಲಿ.”

ರಾಟೆಯ ಹಿಂದಿನಿಂದ ಅವ್ವ, “ಅದು ಭಾಳ ಸಣ್ಣದೈತಿ, ಒಂದ ಕಾಲಿಗೂ ಸಾಲೂದಿಲ್ಲ,” ಎಂದಳು.

ಅವ್ವನ ಮಾತಿಗೆ ಅಪ್ಪ ನಕ್ಕ. ನನಗೆ ಅಳು ಬಂತು. ಗೋಡೆಯ ಮೇಲಿನ ಆ ಕಾಗದವನ್ನು ಯಾರೋ ತುಳಿದಂತೆ ಊಹಿಸಿಕೊಂಡೆ, ನೋಡಿ, ಅಲ್ಲಿಗೆ ನನ್ನ ವಾದ ಮುಗಿಯಿತು. ಸಣ್ಣ ಉದ್ಯೋಗಕ್ಕೆ ಬಂಡವಾಳ ಬೇಕು, ಪೇಟೆ ಬೇಕು ಎಂದೆಲ್ಲ ಓದಿದ್ದೆ, ಅವೆಲ್ಲ ಖರೆ. ಆದರೆ ಯಾವ ಬೇಡಿಕೆಗೆ ಒಲ್ಲೆ ಎನ್ನಬೇಕೆಂಬ ಪಾಠ ಯಾವ ಪುಸ್ತಕದಲ್ಲೂ ಇರಲಿಲ್ಲ. ಒಲ್ಲೆ ಎಂದರೆ ಮಗ್ಗ ಅಟ್ಟ ಸೇರೀತು ಎಂಬ ಅಂಜಿಕೆಯಲ್ಲೇ ಬೆಳಗಾವಿಯ ಅಂಗಡಿಕಾರರಿಗೆ ಫೋನ್ ಮಾಡಿದೆ.

“ಕಾಲೊರಸು ಆಗೂದಿಲ್ರಿ ಸಾವಕಾರ್ರ. ಅದ ಅಳತ್ಯಾಗ ಕುಂದ್ರಾಕ ಆಸನ ನೇಯ್ದು ಕೊಡ್ತೀವ್ರಿ.”

“ಚಾ ಕೇಳಿದಾವಗ ಮಜ್ಜಿಗಿ ಕೊಟ್ಟಂಗಾತಲ್ರಿ ಅಕ್ಕಾರ,” ಎಂದು ಅವರು ನಕ್ಕರು. ಆದರೂ ನೋಡೋಣವೆಂದು ಹತ್ತಾರು ತರಿಸಿಕೊಂಡರು.

ಎರಡು ತಿಂಗಳು ಏನೂ ಸುದ್ದಿಯಿಲ್ಲ. ಆಮೇಲೊಂದು ದಿನ ಅವರೇ ಅಂಗಡಿಗೆ ಬಂದರು. ಚಪ್ಪಲಿ ಹೊರಗೇ ಬಿಟ್ಟು, ಕಾಲಿಗೆ ಇದೇ ಸಾಕೆಂದು ಅಪ್ಪ ಬಾಗಿಲಲ್ಲಿ ಹಾಸಿದ್ದ ಗೋಣಿಚೀಲಕ್ಕೆ ಕಾಲೊರಸಿ, ಕಂಬಳಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಧ್ಯಾನಕ್ಕೆ ಕೂರುವವರು ಆಸನಗಳನ್ನು ಒಯ್ದರಂತೆ, ಇನ್ನಷ್ಟು ಬೇಕಂತೆ. ಮೊದಲು ಕೇಳಿದ್ದರ ಅರ್ಧದಷ್ಟೂ ಅಲ್ಲ; ಆದರೆ ಮಗ್ಗ ನಿಲ್ಲದಿರಲು ಸಾಕು. ಈಗ ಬೆಲ್ಲದ ಬಾಗೇವಾಡಿಯ ಇಬ್ಬರು ಕುರಿಗಾರರು ಉಣ್ಣೆಯನ್ನು ಬದುವಿಗೆ ಎಸೆಯದೆ ನಮಗೆ ತಂದುಕೊಡುತ್ತಾರೆ. ನಾಳೆ ಹೇಗೋ ಗೊತ್ತಿಲ್ಲ, ಇವತ್ತು ನೆಮ್ಮದಿಯಿದೆ.

ಮೊನ್ನೆ ಕಸ ಹೊಡೆಯುವಾಗ ನೋಡಿದರೆ ಬಂದವರ ಕಾಲು ತಾಗಿ ತಾಗಿ ಗೋಣಿಚೀಲದ ನಡುವೆ ತೂತು ಬಿದ್ದಿದೆ. ಅಪ್ಪನಿಗೆ ಫೋನ್ ಮಾಡಿದೆ. ಆ ಕಡೆ ಮಗ್ಗದ ಸದ್ದು ಕೇಳಿಸುತ್ತಿತ್ತು.

“ಚೀಲ ಹರದೈತಿ ಅಪ್ಪಾ. ಬರೂಮುಂದ ಇನ್ನೊಂದ ತಗೊಂಡ ಬಾ.”

“ಒಂದ್ಯಾಕ,” ಎಂದ ಅಪ್ಪ, “ಎರಡ ತರ್ತೀನಿ.”