ಬೆನ್ನು ಅಮ್ಮನದು, ಹರಕೆ ಅಪ್ಪನದು

ಸ್ನೇಹಿತರೇ, ಡಾಕ್ಟರ ಎದುರಲ್ಲೇ ಗಂಡ ಹೆಂಡತಿ ಜಗಳ ಆಡಿದ್ದನ್ನು ನೋಡಿದ್ದೀರಾ? ನಾನು ಇವತ್ತು ನೋಡಿದೆ.

ಅಮ್ಮನ ಬೆನ್ನುನೋವಿಗೆ ಮಾಡಿಸಿದ ಸ್ಕ್ಯಾನಿನಲ್ಲಿ ಬೆನ್ನುಮೂಳೆಯೊಳಗೆ ಗಂಟು ಕಂಡಿತ್ತು. ನಂಜನಗೂಡಿನ ಡಾಕ್ಟರು ಇವತ್ತು ರಿಪೋರ್ಟ್ ನೋಡಿ, "ರಕ್ತನಾಳಗಳು ಗಂಟಾಗಿವೆ ಅಷ್ಟೆ, ಕ್ಯಾನ್ಸರ್ ಅಲ್ಲ. ಎಷ್ಟೋ ಜನಕ್ಕೆ ಇರುತ್ತೆ, ಗೊತ್ತೇ ಆಗಲ್ಲ. ಅದರ ಪಾಡಿಗೆ ಬಿಡಿ. ನೋವು ಸ್ನಾಯುವಿಂದು" ಎಂದರು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಪ್ಪ ಮಾತ್ರ ಮೆಲ್ಲಗೆ ಕೇಳಿದರು: "ಉರುಳುಸೇವೆ ಮಾಡ್ಬೋದಾ ಸಾ?"

"ಯಾರು?"

"ಇವ್ಳೇ. ಕೆಟ್ಟ ಗಂಟಲ್ಲ ಅಂದ್ರೆ ಗುಡಿ ಸುತ್ತ ಇವಳ ಕೈಲಿ ಉರುಳುಸೇವೆ ಮಾಡಿಸ್ತೀನಿ ಅಂತ ನಂಜುಂಡಪ್ಪಂಗೆ ಅರ್ಕೆ ಕಟ್ಕಂಡಿದ್ದೆ."

"ಬೆನ್ನು ನಂದು, ಅರ್ಕೆ ನಿಮ್ದಾ?" ಅಮ್ಮ ಸಿಡಿದಳು.

ಡಾಕ್ಟರು ನಗು ತಡೆದುಕೊಂಡು, "ನೋವು ಇಳಿಯೋವರೆಗೂ ಬೇಡ" ಎಂದರು.

"ಅಂಗಾದ್ರೆ ನಾನೇ ಉರುಳ್ತೀನಿ ಬುಡಿ" ಎಂದು ಅಪ್ಪ ಎದ್ದೇಬಿಟ್ಟರು.

ಈಗ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಅಪ್ಪನ ಅಭ್ಯಾಸ ನಡೆದಿದೆ. ಅಮ್ಮ ಅಪ್ಪನಿಗೆ ತಗುಲದಂತೆ ಮಂಚದ ಕಾಲಿಗೆ ದಿಂಬು ಒತ್ತಿಟ್ಟು ಗದರುತ್ತಿದ್ದಾಳೆ: "ನಿಧಾನ ಕಣ್ರೀ. ಆ ಬೆನ್ನೂ ನಂದೇಯ."